ಕಾರಣವನ್ನು ಬರೆದುಕೊಡಿ: ಮುಂಬೈಯಲ್ಲಿ ಮುಸ್ಲಿಮರ ಮೇಲಿನ ತಾರತಮ್ಯ ಮತ್ತು ದ್ವೇಷಕೃತ್ಯಗಳನ್ನು ಎದುರಿಸುವ ಕ್ರಮ

ಮುಂಬೈಯಲ್ಲಿ ಕನ್ನಡ ಮಾತನಾಡುವ ಮುಸ್ಲಿಮರು ಕಡಿಮೆಯೇನಿಲ್ಲ. ಪುತ್ತೂರು, ಬಂಟ್ವಾಳದ ಕಡೆಯ ಬ್ಯಾರಿಗಳಿದ್ದಾರೆ, ಭಟ್ಕಳದ ನವಾಯತರಿದ್ದಾರೆ, ವಿಜಯಪುರ, ಕಲಬುರಗಿಗಳಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲಿಯೇ ಬೇರುಬಿಟ್ಟ ಕುಟುಂಬಗಳಿವೆ. ಬಾಡಿಗೆ ಮನೆ ಹುಡುಕುವಾಗ, ಲೋಕಲ್ ರೈಲಿನಲ್ಲಿ ಟೊಪ್ಪಿ ಧರಿಸಿ ಕೂತಾಗ, ಕಚೇರಿಯ ಊಟದ ಮೇಜಿನಲ್ಲಿ ಡಬ್ಬಿ ತೆರೆದಾಗ ಇವರು ಅನುಭವಿಸುವುದನ್ನು ಅವರ ಪಕ್ಕದಲ್ಲೇ ಬದುಕುವ ನಾವು ನೋಡಿಯೂ ಸುಮ್ಮನಿರುತ್ತೇವೆ. ಈ ಮಾರ್ಗದರ್ಶಿಯನ್ನು ಅಂಥ ಅನ್ಯಾಯಕ್ಕೆ ಒಳಗಾದವರಿಗಾಗಿಯೂ, ಅದನ್ನು ಕಣ್ಣಾರೆ ಕಂಡ ನೆರೆಹೊರೆಯವರಿಗಾಗಿಯೂ ಬರೆದಿದ್ದೇನೆ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸತರಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದು ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದ ಕಥೆಯನ್ನು ನಮ್ಮ ಹಿರಿಯರ ಬಾಯಿಂದ ಕೇಳಿ ಬೆಳೆದವರು ನಾವು. ಒಬ್ಬ ಮನುಷ್ಯನನ್ನು ಅವನ ಹೆಸರಿನಿಂದ, ಉಡುಪಿನಿಂದ, ತಟ್ಟೆಯಲ್ಲಿರುವ ಅನ್ನದಿಂದ ಅಳೆಯುವುದು ಎಂದರೇನು ಎಂಬುದನ್ನು ನಮಗೆ ಬೇರೆಯವರು ಬಂದು ವಿವರಿಸಬೇಕಾಗಿಲ್ಲ.

ಮೊದಲನೆಯ ಹೆಜ್ಜೆ: ನಡೆದದ್ದು ಯಾವ ಬಗೆಯದು ಎಂದು ಗುರುತಿಸಿ

ಎಲ್ಲ ಅನ್ಯಾಯವೂ ಕಾನೂನಿನ ಕಣ್ಣಿಗೆ ಅಪರಾಧವಲ್ಲ. ಇದು ಕಹಿಯಾದರೂ ಮೊದಲೇ ತಿಳಿದಿರಬೇಕಾದ ಮಾತು, ಏಕೆಂದರೆ ತಪ್ಪು ಬಾಗಿಲನ್ನು ತಟ್ಟಿ ಸುಸ್ತಾದವರು ಸರಿಯಾದ ಬಾಗಿಲಿನ ತನಕ ಹೋಗುವುದೇ ಇಲ್ಲ. ಹೊಡೆತ, ಬೆದರಿಕೆ, ದಾರಿಗೆ ಅಡ್ಡಗಟ್ಟುವುದು, ಧಾರ್ಮಿಕ ಘೋಷಣೆ ಕೂಗುವಂತೆ ಬಲವಂತ ಮಾಡುವುದು, ಸಭೆಯಲ್ಲಿ ಅಥವಾ ವಾಟ್ಸ್ಆ್ಯಪ್‌ನಲ್ಲಿ ಒಂದು ಧರ್ಮದವರ ವಿರುದ್ಧ ವೈರ ಕೆರಳಿಸುವುದು, ಇವು ಪೊಲೀಸ್ ಠಾಣೆಗೆ ಸೇರಿದ ವಿಷಯಗಳು. ಅಂಗಡಿ, ಹೋಟೆಲು, ಸಾರ್ವಜನಿಕ ಬಾವಿ, ರಸ್ತೆಗಳಲ್ಲಿ ಧರ್ಮದ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ನಿಷೇಧಿಸುತ್ತದೆ. ಆದರೆ ಖಾಸಗಿ ಮನೆ ಮಾಲೀಕನೊಬ್ಬ ‘ನಿಮ್ಮವರಿಗೆ ಕೊಡುವುದಿಲ್ಲ’ ಎಂದರೆ ಅವನನ್ನು ನೇರವಾಗಿ ಶಿಕ್ಷಿಸುವ ಕಾಯ್ದೆ ಇಂದಿಗೂ ನಮ್ಮಲ್ಲಿಲ್ಲ. ಮುಸ್ಲಿಮರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಸಾಚಾರ್ ಸಮಿತಿಯ 2006ರ ವರದಿ ಸಮಾನ ಅವಕಾಶ ಆಯೋಗವೊಂದು ಬೇಕೆಂದು ಹೇಳಿತು, 2014ರಲ್ಲಿ ಅಮಿತಾಭ್ ಕುಂಡು ಸಮಿತಿಯು ತಾರತಮ್ಯ ವಿರೋಧಿ ಕಾಯ್ದೆಯೇ ಬೇಕೆಂದಿತು. ಎರಡೂ ಕಾಗದದಲ್ಲೇ ಉಳಿದಿವೆ. ಆದ್ದರಿಂದ ಮನೆಯ ವಿಷಯಕ್ಕೆ ಬೇರೆ ದಾರಿ ಹಿಡಿಯಬೇಕಾಗುತ್ತದೆ, ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಅದೇ ದಿನ ಬರೆದಿಡಿ

ನೊಂದ ಮನಸ್ಸು ವಿವರಗಳನ್ನು ಬೇಗ ಕಳೆದುಕೊಳ್ಳುತ್ತದೆ. ಎರಡು ದಿನ ಕಳೆದರೆ ‘ಏನೋ ಕೆಟ್ಟದಾಗಿ ಬೈದರು’ ಎಂಬುದಷ್ಟೇ ಉಳಿಯುತ್ತದೆ, ಅದನ್ನು ಹಿಡಿದುಕೊಂಡು ಠಾಣೆಗೆ ಹೋದರೆ ಪ್ರಯೋಜನವಿಲ್ಲ. ಹಾಗಾಗಿ ಅಂದು ರಾತ್ರಿಯೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಜಾಗ, ರೈಲಾದರೆ ಗಾಡಿಯ ಹೆಸರು ಮತ್ತು ಬೋಗಿಯ ಸಂಖ್ಯೆ, ಅಲ್ಲಿದ್ದವರು ಯಾರು ಎಂಬುದನ್ನು ಬರೆಯಿರಿ. ಆಡಿದ ಮಾತು ಹಿಂದಿಯಲ್ಲಿದ್ದರೆ ಹಿಂದಿಯಲ್ಲೇ, ಮರಾಠಿಯಲ್ಲಿದ್ದರೆ ಮರಾಠಿಯಲ್ಲೇ, ಎಷ್ಟೇ ಹೊಲಸಾಗಿದ್ದರೂ ಇದ್ದದ್ದು ಇದ್ದ ಹಾಗೆ ದಾಖಲಿಸಿ. ಮರ್ಯಾದೆಗೆ ಅಂಜಿ ಬೈಗುಳವನ್ನು ಮೃದುಗೊಳಿಸಿದರೆ ನಿಮ್ಮ ದೂರೇ ಮೃದುವಾಗುತ್ತದೆ. ಹೊಡೆತ ಬಿದ್ದದ್ದು ಜಗಳಕ್ಕೋ ಧರ್ಮಕ್ಕೋ ಎಂಬುದನ್ನು ತೋರಿಸುವ ಸಾಕ್ಷಿ ಆ ಮಾತೇ ಆಗಿರುತ್ತದೆ.

ವಿಡಿಯೊ ಇದ್ದರೆ ಅದನ್ನು ಚಿತ್ರಿಸಿದ ಮೂಲ ಫೋನಿನಲ್ಲಿ ಅಳಿಸದೆ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿದ ಪ್ರತಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವೂ ಬೇಕಾಗುವುದರಿಂದ, ಯಾರ ಫೋನಿನಿಂದ, ಯಾವಾಗ ತೆಗೆದದ್ದು ಎಂಬುದು ತಿಳಿದಿರಬೇಕು. ಅಂತರ್ಜಾಲದ ಬರಹವಾದರೆ ಬರೆದವರ ಖಾತೆಯ ಹೆಸರು, ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದ ಮೇಲಷ್ಟೇ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ, ಇಲ್ಲದಿದ್ದರೆ ಬರಹ ಅಳಿಯುವುದರೊಂದಿಗೆ ಸಾಕ್ಷಿಯೂ ಅಳಿಯುತ್ತದೆ. ಗಾಯವಾಗಿದ್ದರೆ ಸರಕಾರಿ ಅಥವಾ ಮಹಾನಗರ ಪಾಲಿಕೆಯ ಆಸ್ಪತ್ರೆಗೆ ಹೋಗಿ, ‘ಬಿದ್ದೆ’ ಎನ್ನದೆ ‘ಇಂಥಲ್ಲಿ ಹೊಡೆದರು’ ಎಂದು ವೈದ್ಯರಿಂದ ಬರೆಸಿಕೊಳ್ಳಿ.

ಫೋನಿನಲ್ಲಿ ಆಡಿದ ಮಾತಿಗೆ ಒಂದು ಉಪಾಯವಿದೆ. ದಲಾಲ ಕರೆ ಮಾಡಿ ‘ಸೊಸೈಟಿಯವರು ಮುಸ್ಲಿಮರಿಗೆ ಬೇಡ ಅನ್ನುತ್ತಾರೆ’ (ಸೊಸೈಟಿ ಎಂದರೆ ಕಟ್ಟಡದ ಫ್ಲಾಟ್ ಮಾಲೀಕರ ಸಹಕಾರ ಸಂಘ) ಎಂದರೆ, ಕರೆ ಮುಗಿದ ಐದೇ ನಿಮಿಷದೊಳಗೆ ಅವನಿಗೆ ಸಂದೇಶ ಕಳುಹಿಸಿ: ‘ನೀವು ಈಗ ಫೋನಿನಲ್ಲಿ ಹೇಳಿದಂತೆ, ನಾವು ಮುಸ್ಲಿಮರೆಂಬ ಕಾರಣಕ್ಕೆ ಆ ಫ್ಲಾಟ್ ಸಿಗುವುದಿಲ್ಲ ಎಂದು ತಿಳಿದುಕೊಂಡಿದ್ದೇವೆ, ಸರಿಯಲ್ಲವೇ?’ ಅವನು ಹೌದೆಂದರೂ ಸರಿ, ಗಾಬರಿಯಾಗಿ ಹಾಗಲ್ಲ ಎಂದರೂ ಸರಿ, ಏನೂ ಹೇಳದಿದ್ದರೂ ಸರಿ, ಅಲ್ಲಿಯವರೆಗೆ ಗಾಳಿಯಲ್ಲಿದ್ದ ಮಾತು ಬರವಣಿಗೆಗೆ ಇಳಿದಿರುತ್ತದೆ.

ಮೂರನೆಯ ಹೆಜ್ಜೆ: ಕಣ್ಣೆದುರೇ ನಡೆಯುತ್ತಿದ್ದರೆ

2023ರ ಜುಲೈ 31ರಂದು ಜೈಪುರದಿಂದ ಮುಂಬೈಗೆ ಬರುತ್ತಿದ್ದ ರೈಲಿನಲ್ಲಿ ರೈಲ್ವೆ ರಕ್ಷಣಾ ದಳದ ಪೇದೆಯೊಬ್ಬ ತನ್ನ ಮೇಲಧಿಕಾರಿಯನ್ನೂ ಮೂವರು ಮುಸ್ಲಿಂ ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದ ದಿನದ ನಂತರ, ದೂರದ ಗಾಡಿ ಹತ್ತುವ ಮುನ್ನ ಗಡ್ಡ ಬೋಳಿಸಿಕೊಂಡವರನ್ನು ನಾನು ಬಲ್ಲೆ. ಬಂದೂಕಿನ ಎದುರು ಸಹಪ್ರಯಾಣಿಕ ಮಾಡುವಂಥದ್ದು ಹೆಚ್ಚಿಲ್ಲ. ಆದರೆ ಹೆಚ್ಚಿನ ಘಟನೆಗಳು ಮಾತಿನಿಂದ ಶುರುವಾಗಿ ಕೈಗೆ ಹೋಗುವವು, ಆ ನಡುವಿನ ಕೆಲವು ನಿಮಿಷಗಳಲ್ಲಿ ಪಕ್ಕದವರು ಮಾಡಬಹುದಾದದ್ದು ಬಹಳವಿದೆ.

ಹೊಡೆಯಲು ಬಂದವನೊಡನೆ ವಾದಕ್ಕಿಳಿಯಬೇಡಿ, ಗುಂಪು ನೋಡುತ್ತಿರುವಾಗ ಅವನು ಸೋಲಲು ಒಪ್ಪುವುದಿಲ್ಲ. ಪೆಟ್ಟಿಗೆ ಗುರಿಯಾದವರ ಪಕ್ಕಕ್ಕೆ ಹೋಗಿ ಕುಳಿತು, ಪರಿಚಯದವರಂತೆ ‘ಚಾಚಾ, ಎಲ್ಲಿ ಇಳಿಯುತ್ತೀರಿ?’ ಎಂದು ಮಾತಿಗೆ ಎಳೆಯಿರಿ. ಒಂಟಿಯಾಗಿ ಕಂಡ ಮನುಷ್ಯನ ಜೊತೆಗೆ ಇನ್ನೊಬ್ಬರಿದ್ದಾರೆ ಎಂದು ಕಾಣುವುದೇ ಹಲವು ಬಾರಿ ಸಾಕಾಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ರೈಲಾದರೆ 139ಕ್ಕೆ, ರಸ್ತೆಯಲ್ಲಾದರೆ 112ಕ್ಕೆ ಕರೆ ಮಾಡಲಿ, ಮತ್ತೊಬ್ಬರು ಸ್ವಲ್ಪ ದೂರ ನಿಂತು ಚಿತ್ರೀಕರಿಸಲಿ. ಆ ವಿಡಿಯೊವನ್ನು ಜಾಲತಾಣಕ್ಕೆ ಹಾಕುವ ಆತುರ ಬೇಡ. ಅದು ಮೊದಲು ನೊಂದವರ ಕೈಗೆ ಸೇರಬೇಕು, ಹಂಚಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಅವರದು. ಇಳಿಯುವ ಮುನ್ನ ನಿಮ್ಮ ಫೋನ್ ನಂಬರನ್ನು ಅವರಿಗೆ ಕೊಟ್ಟು ‘ಸಾಕ್ಷಿ ಹೇಳಲು ಬರುತ್ತೇನೆ’ ಎನ್ನಿ, ಕೊಟ್ಟ ಮಾತಿನಂತೆ ಸಾಕ್ಷಿಗೆ ಹೋಗಿ.

ನಾಲ್ಕನೆಯ ಹೆಜ್ಜೆ: ಪೊಲೀಸ್ ಠಾಣೆಯಲ್ಲಿ

ಒಬ್ಬರೇ ಹೋಗಬೇಡಿ. ಠಾಣೆಯ ಬೆಂಚಿನ ಮೇಲೆ ಮೂರು ಗಂಟೆ ಕಾಯುವುದು ನೊಂದವರನ್ನು ಅರ್ಧ ಸೋಲಿಸಿಬಿಡುತ್ತದೆ, ಪಕ್ಕದಲ್ಲಿ ಮರಾಠಿ ಓದಲು ಬರುವ ಗೆಳೆಯನಿದ್ದರೆ ಅದರ ಅರ್ಧ ಭಾರ ಇಳಿಯುತ್ತದೆ.

ಮುಂಬೈಯ ಠಾಣೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದು: ನೀವು ಇಡೀ ಕಥೆ ಹೇಳುತ್ತೀರಿ, ಕೊನೆಗೆ ಕೈಗೆ ಬರುವುದು ‘ಎನ್‌ಸಿ’ ಚೀಟಿ. ಎಂದರೆ ಅಸಂಜ್ಞೇಯ ಅಪರಾಧದ ನಮೂದು. ಸಾಮಾನ್ಯ ಹೊಡೆತ, ಬೈಗುಳ, ಬೆದರಿಕೆ ಇಷ್ಟನ್ನೇ ಬರೆದುಕೊಂಡರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೇ ಆಗುವುದಿಲ್ಲ. ಆದ್ದರಿಂದ ಧರ್ಮದ ಹೆಸರಿನಲ್ಲಿ ಆಡಿದ ಮಾತು, ಅಡ್ಡಗಟ್ಟಿದ್ದು, ಗುಂಪಿನಲ್ಲಿ ಬಂದದ್ದು, ಕಸಿದುಕೊಂಡದ್ದು ಇವೆಲ್ಲ ದೂರಿನಲ್ಲಿ ಇರಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಧರ್ಮದ ಆಧಾರದ ಮೇಲೆ ವೈರ ಬೆಳೆಸುವುದಕ್ಕೆ 196ನೇ ಕಲಂ, ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ಧಕ್ಕೆ ತರುವುದಕ್ಕೆ 299ನೇ ಕಲಂ, ವೈರ ಹುಟ್ಟಿಸುವ ಸುಳ್ಳು ಸುದ್ದಿಗೆ 353ನೇ ಕಲಂ ಇವೆ. ಐದು ಅಥವಾ ಹೆಚ್ಚು ಜನ ಸೇರಿ ಸಮುದಾಯ, ಭಾಷೆ, ವೈಯಕ್ತಿಕ ನಂಬಿಕೆ ಇತ್ಯಾದಿ ಕಾರಣಕ್ಕೆ ತೀವ್ರ ಗಾಯ ಮಾಡಿದರೆ 117ನೇ ಕಲಮಿನ ನಾಲ್ಕನೇ ಉಪಕಲಂ, ಕೊಂದರೆ 103ನೇ ಕಲಮಿನ ಎರಡನೇ ಉಪಕಲಂ ಅನ್ವಯಿಸುತ್ತದೆ.

ಕಲಂಗಳು ಏಕೆ ಮುಖ್ಯವೆಂದರೆ, 2024ರ ಆಗಸ್ಟ್ ಕೊನೆಯಲ್ಲಿ ಧುಲೆಯಿಂದ ಮುಂಬೈಗೆ ಬರುವ ಎಕ್ಸ್‌ಪ್ರೆಸ್ಸಿನಲ್ಲಿ, ಇಗತ್ಪುರಿಯ ಸುತ್ತಮುತ್ತ, ದನದ ಮಾಂಸ ಒಯ್ಯುತ್ತಿದ್ದಾರೆಂಬ ಅನುಮಾನದ ಮೇಲೆ ವೃದ್ಧರೊಬ್ಬರನ್ನು ಯುವಕರ ಗುಂಪು ಥಳಿಸಿತು. ಮೊದಲು ಹಾಕಿದ ಕಲಂಗಳು ಸೌಮ್ಯವಾಗಿದ್ದುದರಿಂದ ಬಂಧಿತರಿಗೆ ಕೂಡಲೇ ಜಾಮೀನು ಸಿಕ್ಕಿತು. ಜನರ ಆಕ್ರೋಶದ ನಂತರ ರೈಲ್ವೆ ಪೊಲೀಸರು ಇನ್ನೂ ಗಂಭೀರವಾದ ಕಲಂಗಳನ್ನು ಸೇರಿಸಿದರು. (ಮಹಾರಾಷ್ಟ್ರದ 2015ರ ತಿದ್ದುಪಡಿ ನಿಷೇಧಿಸಿದ್ದು ಹಸು, ಎತ್ತು, ಹೋರಿಗಳ ವಧೆಯನ್ನು, ಎಮ್ಮೆ ಕೋಣಗಳದ್ದನ್ನಲ್ಲ, ಅದೇನೇ ಇದ್ದರೂ ಡಬ್ಬಿ ತೆರೆಸಿ ನೋಡುವ ಅಧಿಕಾರ ದಾರಿಹೋಕನಿಗಿಲ್ಲ.)

ಅಧಿಕಾರಿ ಎಫ್‌ಐಆರ್ ದಾಖಲಿಸಲು ಒಪ್ಪದಿದ್ದರೆ ಧ್ವನಿ ಏರಿಸದೆ ಈ ಮಾತುಗಳನ್ನು ಹೇಳಿ. ಸಂಜ್ಞೇಯ ಅಪರಾಧದ, ಎಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೇ ಪೊಲೀಸರು ತನಿಖೆ ನಡೆಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದ್ವೇಷ ಭಾಷಣದ ವಿಷಯದಲ್ಲಿ ದೂರು ಬರದಿದ್ದರೂ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಬೇಕೆಂದು 2022ರ ಅಕ್ಟೋಬರಿನಲ್ಲಿ ಮೂರು ರಾಜ್ಯಗಳಿಗೆ ಕೊಟ್ಟ ಆದೇಶವನ್ನು 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ. ಗುಂಪು ಹಲ್ಲೆಗಳನ್ನು ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಅದೇ ಕೋರ್ಟಿನ 2018ರ ಜುಲೈ 17ರ ತೀರ್ಪು ಹೇಳಿದೆ. ಘಟನೆ ಕಲ್ಯಾಣದಲ್ಲಿ ನಡೆದು ನೀವು ದಾದರಿನಲ್ಲಿ ಇಳಿದಿದ್ದರೂ ದೂರು ತೆಗೆದುಕೊಳ್ಳಲೇಬೇಕು, ಅದನ್ನು ‘ಝೀರೋ ಎಫ್‌ಐಆರ್’ ಎನ್ನುತ್ತಾರೆ. ಇಮೇಲ್ ಮೂಲಕ ಕಳುಹಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿಯೊಂದಿಗೆ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಹೊಸ ಕಾನೂನು ಅವಕಾಶ ಕೊಟ್ಟಿದೆ. ಹಾಗೆ ಹೇಳಿದರೆ ಅದು ನಿರಾಕರಣೆಯಲ್ಲ, ದಿನ ಎಣಿಸಿ ಹದಿನೈದನೆಯ ದಿನ ಮತ್ತೆ ಹೋಗಿ.

ಬರೆದದ್ದು ಮರಾಠಿಯಲ್ಲಿರುತ್ತದೆ. ಪ್ರತಿ ವಾಕ್ಯವನ್ನೂ ಓದಿಸಿ ಕೇಳದೆ ಸಹಿ ಹಾಕಬೇಡಿ, ನೀವು ಹೇಳಿದ ಬೈಗುಳ ಅಲ್ಲಿದೆಯೇ ನೋಡಿ. ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು, ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ತಿಳಿಸುವುದು ಅವರ ಕರ್ತವ್ಯ. ಆಗಲೂ ನಿರಾಕರಿಸಿದರೆ ಮೇಲಧಿಕಾರಿಗೆ, ಅಂದರೆ ಮುಂಬೈಯಲ್ಲಿ ಆ ವಲಯದ ಡಿಸಿಪಿಗೆ, ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಅರ್ಜಿ ಕಳುಹಿಸಿ. ಅದಾದ ಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಹೊಸ ಕಾನೂನು) 175ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅಲ್ಲಿ ಅಫಿಡವಿಟ್ಟಿನ ಜೊತೆಗೆ ಆ ಮೇಲಧಿಕಾರಿಗೆ ಕೊಟ್ಟ ಅರ್ಜಿಯನ್ನೂ ಕೇಳುತ್ತಾರೆ, ಹಾಗಾಗಿ ಅಂಚೆಯ ರಸೀದಿ ಕಳೆಯಬೇಡಿ.

ಐದನೆಯ ಹೆಜ್ಜೆ: ಮನೆ

ನಮ್ಮ ಉಪನಗರದ ಸೊಸೈಟಿಯಲ್ಲಿ ನಾನು ಒಂಬತ್ತು ವರ್ಷ ಸಮಿತಿಯಲ್ಲಿದ್ದೆ. ಆ ಅವಧಿಯ ಮೊದಲ ಭಾಗದಲ್ಲಿ ಒಮ್ಮೆ, ಬಾಡಿಗೆಗೆ ಬರಲಿದ್ದ ಕುಟುಂಬದ ಅಡ್ಡಹೆಸರು ಕೇಳಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾ ಕುಡಿದು ಎದ್ದಾಗ ನಾನೂ ಎದ್ದು ಬಂದೆ. ಆ ಕುಟುಂಬ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಿಲ್ಲ, ಅದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಎರಡನೆಯ ಬಾರಿ ಬಂದವರು ಪುತ್ತೂರಿನ ಕಡೆಯ ಬ್ಯಾರಿ ದಂಪತಿ, ಆತ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ, ಮಗುವಿಗೆ ಎರಡು ವರ್ಷ. ‘ಅಣ್ಣಾ, ಇದು ಐದನೇ ಮನೆ. ಹೆಸರು ಹೇಳುವ ತನಕ ಎಲ್ಲ ಸರಿ ಇರ್ತದೆ’ ಎಂದು ಆತ ಗೇಟಿನ ಬಳಿ ನಿಂತು ಹೇಳಿದ. ಸಮಿತಿಯ ಸಭೆಯಲ್ಲಿ ಮಾತು ಅದೇ ಹಳೆಯ ದಾರಿಗೆ ತಿರುಗಿದಾಗ, ನಾನು ಮಿನಿಟ್ಸ್ ಪುಸ್ತಕವನ್ನು ಎಳೆದುಕೊಂಡು ಆ ದಿನದ ಪುಟ ತೆರೆದು, ಫ್ಲಾಟಿನ ಸಂಖ್ಯೆ ಬರೆದು, ‘ನಿರಾಕರಣೆಗೆ ಕಾರಣ’ ಎಂದು ಬರೆದು ಪೆನ್ನು ಹಿಡಿದು ಕೂತೆ. ಏನೆಂದು ಬರೆಯಲಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬರು ಮಾಂಸಾಹಾರ ಎಂದರು; ಅವರ ಅಡುಗೆಮನೆಯಿಂದಲೇ ಭಾನುವಾರ ಬಂಗುಡೆ ಹುರಿಯುವ ವಾಸನೆ ಮೂರು ಮಹಡಿಗೂ ಬರುತ್ತದೆ. ಇನ್ನೊಬ್ಬರು ‘ಜನ ಏನೆನ್ನುತ್ತಾರೆ ಅಂತ’ ಎಂದರು. ಅದನ್ನು ಬರೆದು ನಿಮ್ಮ ಸಹಿ ಹಾಕಿಸಲೇ ಎಂದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಆ ಸಾಲಿನ ಮುಂದೆ ಏನೂ ಬರೆಯಲಾಗಲಿಲ್ಲ. ಮುಂದಿನ ತಿಂಗಳು ಆ ಕುಟುಂಬ ಒಳಗೆ ಬಂತು.

ಸಮಿತಿಯಲ್ಲಿರುವ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಇದರ ಹಿಂದೆ ಕಾನೂನಿನ ಬಲವೂ ಇದೆ. ಫ್ಲಾಟನ್ನು ಲೀವ್ ಆ್ಯಂಡ್ ಲೈಸೆನ್ಸ್ (ನಿಗದಿತ ಅವಧಿಯ ಬಾಡಿಗೆ ಒಪ್ಪಂದ) ಮೇಲೆ ಕೊಡಲು ಸೊಸೈಟಿಯ ಪೂರ್ವಾನುಮತಿ ಬೇಕಿಲ್ಲ, ಎಂಟು ದಿನ ಮುಂಚೆ ಲಿಖಿತವಾಗಿ ತಿಳಿಸಿದರೆ ಸಾಕೆಂದು ಮಹಾರಾಷ್ಟ್ರದ ಮಾದರಿ ಉಪವಿಧಿಗಳು (ಸೊಸೈಟಿಯ ಬೈಲಾ) ಹೇಳುತ್ತವೆ. ‘ಎನ್‌ಒಸಿ ಕೊಡುವುದಿಲ್ಲ’ (ಎಂದರೆ ಆಕ್ಷೇಪವಿಲ್ಲವೆಂಬ ಪತ್ರ ಕೊಡುವುದಿಲ್ಲ) ಎಂಬ ಬೆದರಿಕೆ ಹೆಚ್ಚಾಗಿ ಮಾಲೀಕರ ಅಜ್ಞಾನದ ಮೇಲೆ ನಿಂತಿರುತ್ತದೆ, ಆದ್ದರಿಂದ ಉಪವಿಧಿಯ ಆ ಪುಟದ ಪ್ರತಿಯನ್ನು ಮಾಲೀಕರ ಕೈಗೇ ಕೊಡಿ. ಒಪ್ಪಂದವನ್ನು ನೋಂದಾಯಿಸುವುದು 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಮಾಲೀಕರ ಹೊಣೆ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವುದು ಎಲ್ಲರಿಗೂ ಒಂದೇ, ಮುಸ್ಲಿಮರಿಂದ ಮಾತ್ರ ಹೆಚ್ಚುವರಿ ಕಾಗದ ಕೇಳಿದರೆ ಅದನ್ನೂ ಬರೆದುಕೊಡುವಂತೆ ಕೇಳಿ.

ಕೊಳ್ಳುವವರ ದಾರಿ ಇನ್ನೂ ಗಟ್ಟಿ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಸಾಕಷ್ಟು ಕಾರಣವಿಲ್ಲದೆ ಸದಸ್ಯತ್ವ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಮೂರು ತಿಂಗಳು ಏನೂ ಹೇಳದೆ ಕೂತರೆ ಅರ್ಜಿದಾರ ಸದಸ್ಯನಾದಂತೆಯೇ ಲೆಕ್ಕ. ನಿರಾಕರಣೆಯ ವಿರುದ್ಧ ವಾರ್ಡಿನ ಉಪನಿಬಂಧಕರಿಗೆ ಮೇಲ್ಮನವಿ ಸಲ್ಲಿಸಬಹುದು. ಒಂದು ಎಚ್ಚರಿಕೆ: ಒಂದೇ ಸಮುದಾಯದವರಿಗೆಂದು ಉಪವಿಧಿಯಲ್ಲೇ ಬರೆದುಕೊಂಡ ಸಂಘದ ನಿಯಮವನ್ನು 2005ರಲ್ಲಿ, ಅಹಮದಾಬಾದಿನ ಪಾರ್ಸಿ ಸೊಸೈಟಿಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಹಾಗಾಗಿ ಮೊದಲು ಆ ಸೊಸೈಟಿಯ ಉಪವಿಧಿಯನ್ನು ತರಿಸಿ ಓದಿ. ಮುಂಬೈಯ ಬಹುಪಾಲು ಸೊಸೈಟಿಗಳು ಮಾದರಿ ಉಪವಿಧಿಯನ್ನೇ ಒಪ್ಪಿಕೊಂಡಿವೆ, ಅದರಲ್ಲಿ ಒಂದೇ ಧರ್ಮದವರಿಗೆಂಬ ನಿರ್ಬಂಧವಿಲ್ಲ.

ಆರನೆಯ ಹೆಜ್ಜೆ: ಕೆಲಸದ ಜಾಗ

ಇಲ್ಲಿಯೂ ಬರವಣಿಗೆಯೇ ಕೈಹಿಡಿಯುತ್ತದೆ. 2015ರಲ್ಲಿ ಮುಂಬೈಯ ವಜ್ರ ರಫ್ತು ಕಂಪನಿಯೊಂದು ಎಂಬಿಎ ಮುಗಿಸಿದ ಯುವಕನಿಗೆ ತಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುವುದಾಗಿ ಇಮೇಲ್ ಬರೆದಿತ್ತು, ಆ ಒಂದು ಸಾಲಿನ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಬಾಯಲ್ಲಿ ಹೇಳಿದ್ದರೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಈಗಾಗಲೇ ಕೆಲಸದಲ್ಲಿರುವವರು ಮಾನವ ಸಂಪನ್ಮೂಲ ವಿಭಾಗಕ್ಕೆ ಕೊಡುವ ದೂರನ್ನು ಇಮೇಲಿನಲ್ಲೇ ಕೊಟ್ಟು, ಅದರ ಪ್ರತಿಯನ್ನು ಸ್ವಂತ ವಿಳಾಸಕ್ಕೂ ಕಳುಹಿಸಿಕೊಳ್ಳಿ.

ಏಳನೆಯ ಹೆಜ್ಜೆ: ನಮ್ಮದೇ ವಾಟ್ಸ್ಆ್ಯಪ್ ಗುಂಪುಗಳು

ಸಂಘಗಳ, ಊರಿನವರ, ಸೊಸೈಟಿಯ ಗುಂಪುಗಳಲ್ಲಿ ದ್ವೇಷದ ಸಂದೇಶ ಹಾಕುವವರು ಒಬ್ಬಿಬ್ಬರು, ಸುಮ್ಮನೆ ನೋಡುವವರು ನೂರಾರು. 2020ರ ಕೊರೊನಾ ಕಾಲದಲ್ಲಿ ತಬ್ಲೀಗ್ ಜಮಾತಿನ ಹೆಸರಿನಲ್ಲಿ ಹರಿದ ಸಂದೇಶಗಳನ್ನು ನಂಬಿ ಹಲವೆಡೆ ತರಕಾರಿ ಗಾಡಿಯವರ ಹೆಸರು ಕೇಳಿ ಓಡಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ಜಮಾತ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ ಅವರನ್ನು ಬಲಿಪಶು ಮಾಡಲಾಯಿತೆಂದು ಹೇಳಿದಾಗ, ಆ ತೀರ್ಪು ಒಂದು ಗುಂಪಿನಲ್ಲಿಯೂ ಹರಿದಾಡಿದ್ದನ್ನು ನಾನು ಕಾಣಲಿಲ್ಲ.

ಉತ್ತರ ಒಂದೇ ಇರಲಿ, ಚಿಕ್ಕದಿರಲಿ, ಎಲ್ಲರ ಎದುರಿಗಿರಲಿ: ‘ಈ ಸುದ್ದಿ ಎಲ್ಲಿಂದ ಬಂತು, ದಯವಿಟ್ಟು ತಿಳಿಸಿ. ನಮ್ಮ ಗುಂಪಿನಲ್ಲಿ ಮುಸ್ಲಿಂ ಬಂಧುಗಳೂ ಇದ್ದಾರೆ, ಇದನ್ನು ತೆಗೆದುಹಾಕಬೇಕೆಂದು ಕೋರುತ್ತೇನೆ.’ ನಂತರ ಬರೆದವರಿಗೆ ಖಾಸಗಿಯಾಗಿ ಫೋನ್ ಮಾಡಿ ಮಾತಾಡಿ. ಸದಸ್ಯನ ಸಂದೇಶಕ್ಕೆ ಅಡ್ಮಿನ್ ತಾನಾಗಿಯೇ ಅಪರಾಧಿಯಾಗುವುದಿಲ್ಲವೆಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ. ಆದರೂ ತೆಗೆದುಹಾಕುವ ಗುಂಡಿ ಅಡ್ಮಿನ್ ಕೈಯಲ್ಲಿರುವಾಗ ಅದನ್ನು ಒತ್ತದಿರುವುದಕ್ಕೆ ಕಾರಣವಿಲ್ಲ.

ಎಂಟನೆಯ ಹೆಜ್ಜೆ: ಆಯೋಗಗಳು, ಕಾನೂನು ನೆರವು, ಮೊಹಲ್ಲಾ ಸಮಿತಿ

ಪೊಲೀಸರಿಂದಲೇ ಅನ್ಯಾಯವಾದಾಗ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಿ. ರಾಜ್ಯ ಮತ್ತು ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗಗಳಿಗೂ ಬರೆಯಬಹುದು. ಇವು ಶಿಕ್ಷೆ ಕೊಡಲಾರವು, ಆದರೆ ಅವರಿಂದ ಹೋಗುವ ಪತ್ರಕ್ಕೆ ಠಾಣೆ ಉತ್ತರ ಬರೆಯಬೇಕಾಗುತ್ತದೆ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಘಟನೆಗೆ ಮುಂಚೆ ಮಾಡುವ ಕೆಲಸಕ್ಕೆ ಮಾತ್ರ ಕಾನೂನು ಸಾಕಾಗುವುದಿಲ್ಲ. 1992–93ರ ಗಲಭೆಯಲ್ಲಿ ಈ ನಗರದಲ್ಲಿ 900 ಜನ ಸತ್ತರೆಂದು ಅದರ ವಿಚಾರಣೆ ನಡೆಸಿದ ಶ್ರೀಕೃಷ್ಣ ಆಯೋಗ ಎಣಿಸಿತು, ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು. ಅದರ ನಂತರವೇ ಸಾವಿರಾರು ಕುಟುಂಬಗಳು ಮಿಶ್ರ ಬಡಾವಣೆಗಳನ್ನು ಬಿಟ್ಟು ಥಾಣೆ ಬಳಿಯ ಮುಂಬ್ರಾದಂಥ ಕಡೆಗಳಿಗೆ ಸರಿದವು. ಆದರೆ 1984ರಲ್ಲಿ ಗಲಭೆಯಿಂದ ಹೊತ್ತಿ ಉರಿದಿದ್ದ ಮುಂಬೈ ಸಮೀಪದ ಭಿವಂಡಿ ಆ ಚಳಿಗಾಲದಲ್ಲಿ ಶಾಂತವಾಗಿತ್ತು. ಅಲ್ಲಿ 1988ರಿಂದ ಡಿಸಿಪಿ ಸುರೇಶ್ ಖೋಪಡೆ ಪ್ರತಿ ಮೊಹಲ್ಲಾದಲ್ಲೂ ಎರಡೂ ಧರ್ಮದ ಸಾಮಾನ್ಯರನ್ನು ಪೊಲೀಸರ ಜೊತೆ ಕೂರಿಸಿ ಸಮಿತಿಗಳನ್ನು ಕಟ್ಟಿದ್ದರು. ಗಲಭೆಯ ನಂತರ ಪೊಲೀಸ್ ಅಧಿಕಾರಿಗಳಾಗಿದ್ದ ಜೂಲಿಯೋ ರಿಬೇರೊ, ಸತೀಶ್ ಸಾಹನಿ, ಸಮಾಜ ಸೇವಕಿ ಸುಶೋಭಾ ಬರ್ವೆ ಮುಂತಾದವರು ಮುಂಬೈಯಲ್ಲಿಯೂ ಮೊಹಲ್ಲಾ ಸಮಿತಿಯ ಚಳವಳಿಯನ್ನು ಆರಂಭಿಸಿದರು. ನಿಮ್ಮ ಠಾಣೆಯ ವ್ಯಾಪ್ತಿಯಲ್ಲಿ ಇಂಥ ಸಮಿತಿ ಇದೆಯೇ ಎಂದು ಹಿರಿಯ ಇನ್‌ಸ್ಪೆಕ್ಟರರನ್ನು ಕೇಳಿ, ಇದ್ದರೆ ಸೇರಿಕೊಳ್ಳಿ. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಬ್ಯಾರಿ ಕವಿಯನ್ನು ಕರೆಯುವುದು ಒಳ್ಳೆಯದು. ಅದಕ್ಕಿಂತ ಮೊದಲು, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಠಾಣೆಗೆ ಜೊತೆಯಲ್ಲಿ ಹೋಗಬಲ್ಲ ಐವರ ಹೆಸರು ಮತ್ತು ನಂಬರನ್ನು ಸಂಘದ ಕಚೇರಿಯ ಗೋಡೆಗೆ ಅಂಟಿಸಲಿ. ಆ ಐವರಲ್ಲಿ ಒಬ್ಬರಿಗಾದರೂ ಮರಾಠಿ ಓದಲು ಬರಬೇಕು, ಒಬ್ಬರು ಮಹಿಳೆಯಾಗಿರಬೇಕು. ದೂರಿನ, ಅರ್ಜಿಯ, ಅಂಚೆ ರಸೀದಿಯ ಒಂದು ಪ್ರತಿ ನೊಂದವರ ಮನೆಯಲ್ಲಿರುವಂತೆ ಇನ್ನೊಂದು ಆ ಐವರ ಬಳಿಯೂ ಇರಬೇಕು.